ಹಾಕ್ಕೋಂತ ಹಾಕ್ಕೋಂತ ಸಡಿಲ ಆಗ್ತಾವ್ರೀ!

ಪ್ರಶ್ನೆ: ಸರ್, ನಾನು ಬೈಲಹೊಂಗಲದವಳು. ಬೆಳಗಾವಿಯಲ್ಲಿ ಈಗಷ್ಟೇ ಕೆಲಸಕ್ಕೆ ಸೇರಿದ್ದೇನೆ. ಮೊದಲ ಸಂಬಳದಲ್ಲಿ ಮಾಲ್‌ಗೆ ಹೋಗಿ ಒಂದು ಜೊತೆ ಶೂ, ಎರಡು ಕುರ್ತಾ ತಗೊಂಡೆ. ಶೂ ಸ್ವಲ್ಪ ಬಿಗಿ ಅನ್ನಿಸಿತ್ತು. ಸೇಲ್ಸ್‌ಮನ್ 'ಹಾಕ್ಕೋಂತ ಹಾಕ್ಕೋಂತ ಸಡಿಲ ಆಗ್ತಾವ್ರೀ' ಅಂದ. ಎರಡೇ ದಿನಕ್ಕೆ ಕಿರುಬೆರಳಲ್ಲಿ ಗುಳ್ಳೆ ಬಂತು. ಒಂದು ಕುರ್ತಾ ಮೊದಲ ಒಗೆತಕ್ಕೇ ಗಿಡ್ಡವಾಯಿತು. ಅಂಗಡಿಗೆ ಹೋದರೆ 'ಹಾಕಿದ ಮಾಲು ವಾಪಸ್ ಇಲ್ಲ' ಅಂದರು. ಈಗ ಅಣ್ಣನ ಮದುವೆ ಬಂದಿದೆ. ಸೀರೆ ಅಮ್ಮನದೇ ಇದೆ. ಬ್ಲೌಸು, ಕಾಲಿಗೆ ಒಂದು ಚಪ್ಪಲಿ, ಆಫೀಸಿಗೆ ಒಂದು ಒಳ್ಳೆಯ ಶೂ, ಎರಡು ಮೂರು ಡ್ರೆಸ್ ಬೇಕು. ₹8,000 ಎತ್ತಿಟ್ಟಿದ್ದೇನೆ. ಮತ್ತೆ ಮಾಲ್‌ಗೇ ಹೋಗಲಾ, ಪೇಟೆಯ ಖಡೇಬಜಾರ್‌ಗೆ ಹೋಗಲಾ?

ಉತ್ತರ: ಆ ಸೇಲ್ಸ್‌ಮನ್ ಹೇಳಿದ ಮಾತನ್ನು ನಾನೇ ಸಾವಿರ ಸಲ ಹೇಳಿರಬೇಕು. ಹದಿನಾಲ್ಕು ವರ್ಷ ಬೆಳಗಾವಿಯ ಪೇಟೆಯಲ್ಲಿ ಚಪ್ಪಲಿ ಅಂಗಡಿಯಲ್ಲಿ ಇದ್ದೆ. ಆಮೇಲೆ ಆರು ವರ್ಷ ಮಾಲ್ ಒಂದರಲ್ಲಿ ಶೂ ಮತ್ತು ಬಟ್ಟೆ ಎರಡೂ ನೋಡಿಕೊಂಡೆ. ಗಿರಾಕಿ ಎದ್ದು ಹೋಗುವ ಹೊತ್ತಿಗೆ ಬಾಯಿಗೆ ಬರುವ ಮಾತು ಅದು. ಚರ್ಮದ ಚಪ್ಪಲಿಯ ಮಟ್ಟಿಗೆ ಅದು ಅರ್ಧ ನಿಜ. ಚರ್ಮ ಕಾಲಿನ ಬಿಸಿಗೆ, ಬೆವರಿಗೆ ಸ್ವಲ್ಪ ಬಗ್ಗುತ್ತದೆ. ಆದರೆ ಈಗ ಮಾಲ್‌ನಲ್ಲಿ ಮಾರುವ ಫ್ಯಾಶನ್ ಶೂಗಳಲ್ಲಿ ಜಾಸ್ತಿ ಇರುವುದು ರೆಕ್ಸಿನ್ ತರಹದ ಸಿಂಥೆಟಿಕ್. ಅದು ಸಡಿಲ ಆಗುವುದಿಲ್ಲ. ಬಿರುಕು ಬಿಡುತ್ತದೆ, ಇಲ್ಲವೇ ಸಿಪ್ಪೆ ಏಳುತ್ತದೆ. ಅಲ್ಲಿವರೆಗೆ ಕಚ್ಚುತ್ತಲೇ ಇರುತ್ತದೆ.

ಮಾಲಾ ಬಜಾರಾ ಅನ್ನುವುದಕ್ಕಿಂತ ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಖಡೇಬಜಾರ್‌ನ ಹಳೆಯ ಅಂಗಡಿಯಲ್ಲಿ ಗಿರಾಕಿ ಬೆಂಚಿನ ಮೇಲೆ ಕೂತರೆ ನಾವು ಕೆಳಗೆ ಸಣ್ಣ ಸ್ಟೂಲ್ ಮೇಲೆ ಕೂರುತ್ತಿದ್ದೆವು. ಕಾಲು ನಮ್ಮ ಕೈಯಲ್ಲೇ ಇರುತ್ತಿತ್ತು. ಮುಟ್ಟಿದ ಕೂಡಲೇ ಗೊತ್ತಾಗುತ್ತಿತ್ತು, ಇದು ಅಗಲ ಕಾಲು, ಇದಕ್ಕೆ ಮೊನೆ ಮೂತಿಯ ಬೂಟು ಆಗುವುದಿಲ್ಲ ಅಂತ. ಹೆಬ್ಬೆರಳಿಂದ ಮುಂಭಾಗ ಒತ್ತಿ ನೋಡಿ, 'ಬ್ಯಾಡ್ರೀ, ಇನ್ನೊಂದ್ ಕೊಡ್ತೀನಿ' ಅನ್ನುತ್ತಿದ್ದೆವು. ಮಾಲ್‌ನಲ್ಲಿ ಆ ಸ್ಟೂಲ್ ಇಲ್ಲ. ಹುಡುಗ ನಂಬರ್ ಕೇಳುತ್ತಾನೆ, ಡಬ್ಬಿ ತಂದು ಕೊಡುತ್ತಾನೆ, ಇನ್ನೊಬ್ಬರ ಕಡೆ ಹೋಗುತ್ತಾನೆ. ಅವನ ತಪ್ಪೂ ಅಲ್ಲ, ಭಾನುವಾರ ಒಬ್ಬನೇ ಹದಿನೈದು ಜನರನ್ನು ನೋಡಬೇಕು. ಅಂದರೆ ಮಾಲ್‌ನಲ್ಲಿ ಸೇಲ್ಸ್‌ಮನ್ ಕೆಲಸವನ್ನೂ ನೀವೇ ಮಾಡಬೇಕು. ಬದಲಿಗೆ ಅಲ್ಲಿ ಒಂದು ಸುಖ ಇದೆ. ಹತ್ತು ಜೊತೆ ಹಾಕಿ ನೋಡಿ ಏನೂ ಕೊಳ್ಳದೆ ಎದ್ದು ಬಂದರೂ ಯಾರೂ ಮುಖ ಸಿಂಡರಿಸುವುದಿಲ್ಲ. ಪೇಟೆಯಲ್ಲಿ ಬೋಣಿಗೆ ಹೊತ್ತಿಗೆ ಹಾಗೆ ಮಾಡಿ ನೋಡಿ!

(ನಮ್ಮ ಕಡೆ ಮಾಲ್ ಅನ್ನುವ ಪದ ಬಹಳ ಉದಾರವಾದದ್ದು. ಎಸ್ಕಲೇಟರ್, ಸಿನಿಮಾ ಇರುವುದೂ ಮಾಲ್. ನಾಲ್ಕು ಮಹಡಿಯ ಸೀರೆ ಅಂಗಡಿಯೂ ಮಾಲ್. ನಾನು ಹೇಳುವುದು ಎರಡಕ್ಕೂ ಹೊಂದುತ್ತದೆ.)

ಈಗ ನಿಮ್ಮ ಗುಳ್ಳೆ. ಕಿರುಬೆರಳಲ್ಲಿ ಬಂತು ಅಂದಿದ್ದೀರಿ, ಹಿಮ್ಮಡಿಯಲ್ಲಿ ಅಲ್ಲ, ಹೆಬ್ಬೆರಳ ಉಗುರಿನಲ್ಲಿ ಅಲ್ಲ. ಹಾಗಾದರೆ ಶೂ ಉದ್ದದಲ್ಲಿ ಸರಿಯಾಗಿತ್ತು, ಅಗಲ ಸಾಲಲಿಲ್ಲ. ಇಂಥ ಹೊತ್ತಿನಲ್ಲಿ ಅಂಗಡಿಯವರು ಒಂದು ನಂಬರ್ ದೊಡ್ಡದು ಕೊಡುತ್ತಾರೆ. ಆಗ ಬೆರಳಿಗೆ ಜಾಗ ಸಿಗುತ್ತದೆ, ಆದರೆ ಹಿಮ್ಮಡಿ ಜಾರಲು ಶುರುವಾಗುತ್ತದೆ. ಗುಳ್ಳೆ ಮುಂದಿನಿಂದ ಹಿಂದೆ ಹೋಯಿತು, ಅಷ್ಟೇ. ಇದು ನಿಮ್ಮೊಬ್ಬರ ಕಷ್ಟವಲ್ಲ. ನಮ್ಮಲ್ಲಿ ಶೂ ಮೇಲೆ ಬರೆಯುವ ನಂಬರ್ ಬ್ರಿಟಿಷರ ಅಳತೆಯದು, ಇಲ್ಲವೇ ಯುರೋಪಿನದು. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ 1 ಲಕ್ಷಕ್ಕೂ ಹೆಚ್ಚು ಜನರ ಕಾಲು ಅಳೆದರು. ನಮ್ಮವರ ಕಾಲು ಅಗಲ, ಸಿಗುವ ಶೂ ಕಿರಿದು, ಅದಕ್ಕೇ ಜನ ಬೇಕಾದ್ದಕ್ಕಿಂತ ಉದ್ದದ ಶೂ ಹಾಕುತ್ತಾರೆ ಅಂತ ಕಂಡುಬಂತು. ಸ್ಟೂಲ್ ಮೇಲೆ ಕೂತವರಿಗೆ ಮೊದಲೇ ಗೊತ್ತಿದ್ದ ವಿಷಯ, ಆದರೂ ಅಳೆದು ಹೇಳಿದ್ದು ಒಳ್ಳೆಯದಾಯಿತು. ಆ ಸಮೀಕ್ಷೆಯಿಂದ 'ಭ' ಅನ್ನುವ ಭಾರತದ್ದೇ ಅಳತೆಯ ಪ್ರಸ್ತಾಪ ಬಂದಿದೆ. ಅದು ಎಲ್ಲ ಡಬ್ಬಿಗಳ ಮೇಲೆ ಬರುವವರೆಗೆ ನಿಮ್ಮ ಕಾಲಿನ ಅಳತೆ ನಿಮ್ಮ ಪರ್ಸಿನಲ್ಲೇ ಇರಲಿ.

ಪರ್ಸಿನಲ್ಲಿ ಅಂದದ್ದು ತಮಾಷೆಗಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು ಹಳ್ಳಿಯಿಂದ ಒಬ್ಬರೇ ಬಂದು ಮನೆಮಂದಿಗೆಲ್ಲ ಚಪ್ಪಲಿ ಒಯ್ಯುವ ರೈತರಿಗೆ ಹೇಳುತ್ತಿದ್ದ ಉಪಾಯ ಇದು. ಸಂಜೆ ಹೊತ್ತು ನೆಲದ ಮೇಲೆ ದಪ್ಪ ಕಾಗದ ಹಾಸಿ. ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಲ್ಲಿ. ಕೂತು ಅಳೆಯಬೇಡಿ, ನಿಂತಾಗ ಪಾದ ಹರಡುತ್ತದೆ. ಪೆನ್ಸಿಲ್ ನೆಟ್ಟಗೆ ಹಿಡಿದು ಇನ್ನೊಬ್ಬರಿಂದ ಸುತ್ತ ಗೆರೆ ಎಳೆಸಿ. ಎರಡೂ ಕಾಲು ಬರೆಸಿ, ಏಕೆಂದರೆ ಬಹಳಷ್ಟು ಜನರಿಗೆ ಒಂದು ಕಾಲು ಕೂದಲೆಳೆಯಷ್ಟಾದರೂ ದೊಡ್ಡದಿರುತ್ತದೆ. ದೊಡ್ಡ ಕಾಲಿನ ಕಾಗದ ಕತ್ತರಿಸಿ ಮಡಚಿ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಶೂ ಒಳಗಿನ ಮೆತ್ತನೆ ಹಾಸು ಎಳೆದರೆ ಬರುತ್ತದೆ, ಅದರ ಮೇಲೆ ಈ ಕಾಗದ ಇಟ್ಟು ನೋಡಿ. ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಉಳಿಯಬೇಕು. ಪಕ್ಕದಲ್ಲಿ ಕಾಗದ ಎಳ್ಳಷ್ಟು ಹೊರಗೆ ಬಂದರೆ ಪರವಾಗಿಲ್ಲ, ಬೆರಳಷ್ಟು ಬಂದರೆ ಆ ಶೂ ಅಲ್ಲೇ ಇಡಿ. ಎಷ್ಟೇ ಚಂದ ಇರಲಿ. ಹಾಸು ಬರದ ಶೂ ಆದರೆ ಕಾಗದವನ್ನೇ ಒಳಗೆ ತೂರಿಸಿ. ಅಂಚು ಮಡಚಿದರೆ ಅಲ್ಲೇ ನಿಮ್ಮ ಕಿರುಬೆರಳು ಮಡಚುತ್ತದೆ ಅಂತ ತಿಳಿಯಿರಿ.

ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನ ನಂಬರಿಗೂ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ. ಅಷ್ಟು ಸಣ್ಣದಲ್ಲ ಅದು. ಅರ್ಧ ನಂಬರ್ ಇದ್ದರೆ ಕೇಳಿ. ಯುರೋಪಿನ ಅಳತೆಯಲ್ಲಿ ಹೆಜ್ಜೆ ಚಿಕ್ಕದು, ಸುಮಾರು 6.7 ಮಿಲಿಮೀಟರ್. ಅದಕ್ಕೇ ಒಂದು ಬ್ರ್ಯಾಂಡಿನ 5 ಸರಿಯಾದವರಿಗೆ ಇನ್ನೊಂದರ 38 ಸರಿಯಾಗಬೇಕು ಅಂತೇನಿಲ್ಲ.

ಯಾವ ಹೊತ್ತಿಗೆ ಹೋಗಬೇಕು? ವಾರದ ದಿನ, ಆಫೀಸ್ ಬಿಟ್ಟ ಮೇಲೆ. ದಿನವಿಡೀ ನಡೆದು, ಕೂತು ಕಾಲು ಸ್ವಲ್ಪ ಊದಿರುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾದ ಶೂ ಸಂಜೆ ಐದಕ್ಕೆ ಕಚ್ಚುವುದು ಇದರಿಂದಲೇ. ರಜೆಗೆ ಊರಿಗೆ ಹೋಗಿ ವಾಪಸ್ ಬರುವಾಗ ಬಸ್ ಇಳಿದು ನೇರ ಅಂಗಡಿಗೆ ಹೋದರೂ ಆದೀತು, ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತವರ ಪಾದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಆಫೀಸಿಗೆ ಹಾಕುವ ಸಾಕ್ಸ್ ಹಾಕಿಕೊಂಡೇ ಹೋಗಿ. ಶೂ ಹಾಕಿ ಕನ್ನಡಿ ಮುಂದೆ ನಿಂತರೆ ಸಾಲದು. ಅಂಗಡಿಯೊಳಗೇ ಐದು ನಿಮಿಷ ಓಡಾಡಿ. ತುದಿಗಾಲಲ್ಲಿ ನಿಲ್ಲಿ. ಕುಕ್ಕರಗಾಲಲ್ಲಿ ಕೂತು ಏಳಿ. ಯಾರಾದರೂ ನೋಡಿದರೆ ನೋಡಲಿ. ಶೂ ಕೈಯಲ್ಲಿ ಹಿಡಿದು ಮೂತಿ, ಹಿಮ್ಮಡಿ ಎರಡೂ ಕಡೆ ಒತ್ತಿ ಬಗ್ಗಿಸಿ ನೋಡಿ. ಬೆರಳ ಬುಡ ಬರುವ ಜಾಗದಲ್ಲಿ ಬಗ್ಗಬೇಕು. ನಟ್ಟನಡುವೆ ಮಡಚಿಕೊಂಡರೆ ಅದು ಪಾದಕ್ಕೆ ಆಸರೆ ಕೊಡುವುದಿಲ್ಲ.

ಸೇಲ್ ಬಗ್ಗೆ ಒಂದು ಮಾತು, ಅದೂ ನನ್ನ ಕಾಲಿಗೇ ಬಿದ್ದ ಪೆಟ್ಟು. ಅಕ್ಕನ ಮಗನ ಮದುವೆಗೆ ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಕರಿ ಬೂಟು ಸಿಕ್ಕಿತ್ತು. ಹೊಸದು, ಡಬ್ಬಿಯಲ್ಲೇ ಇತ್ತು, ಒಂದು ಗೆರೆ ಬಿದ್ದಿರಲಿಲ್ಲ. ಮೆರವಣಿಗೆಯಲ್ಲಿ ಬ್ಯಾಂಡಿನ ಹಿಂದೆ ನಾಲ್ಕು ಹೆಜ್ಜೆ ಹಾಕಿದ್ದೆ, ಬಲಗಾಲಿನ ಸೋಲ್ ರೊಟ್ಟಿ ಚೂರಿನ ಹಾಗೆ ಉದುರಲು ಶುರುವಾಯಿತು. ಹಿಂದೆ ಬರುತ್ತಿದ್ದ ಹುಡುಗರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಇಪ್ಪತ್ತು ವರ್ಷ ಶೂ ಮಾರಿದವನ ಕಥೆ ಇದು! ಆದದ್ದು ಇಷ್ಟೇ. ಹಗುರ, ಮೆತ್ತಗಿನ ಎಷ್ಟೋ ಸೋಲ್‌ಗಳು ಪಾಲಿಯುರೆಥೇನ್‌ನವು, ಅಂಗಡಿಯಲ್ಲಿ ಪಿಯು ಸೋಲ್ ಅಂತಾರೆ. ಗಾಳಿಯ ತೇವ ಅದನ್ನು ಒಳಗಿಂದ ನಿಧಾನವಾಗಿ ಒಡೆಯುತ್ತದೆ. ಹಾಕಿದರೂ ಒಡೆಯುತ್ತದೆ, ಡಬ್ಬಿಯಲ್ಲಿ ಇಟ್ಟರೂ ಒಡೆಯುತ್ತದೆ. ಬೆಳಗಾವಿಯ ನಾಲ್ಕು ತಿಂಗಳ ಮಳೆಗಾಲದ ಥಂಡಿ ಅದಕ್ಕೆ ಬಹಳ ಪ್ರೀತಿ. ಹಾಗಾಗಿ ಸೇಲ್‌ನಲ್ಲಿ ರಿಯಾಯಿತಿ ಚೀಟಿಗಿಂತ ಮೊದಲು ಡಬ್ಬಿಯ ಪಕ್ಕದ ಸಣ್ಣ ಅಕ್ಷರ ಓದಿ. ತಯಾರಾದ ತಿಂಗಳು, ವರ್ಷ ಅಲ್ಲಿ ಇರುತ್ತದೆ. ಎರಡು ವರ್ಷಕ್ಕಿಂತ ಹಳೆಯ ಪಿಯು ಸೋಲ್ ಆದರೆ ನಾನಂತೂ ಮುಟ್ಟುವುದಿಲ್ಲ. ರಬ್ಬರ್ ಸೋಲ್‌ಗೆ ಈ ಕಾಟ ಇಲ್ಲ, ಆದರೆ ತೂಕ ಜಾಸ್ತಿ.

ಬೆಲೆ ವಿಷಯದಲ್ಲಿ ಒಂದು ಲೆಕ್ಕ ತಿಳಿದಿರಲಿ. 2025ರ ಸೆಪ್ಟೆಂಬರ್ 22ರಿಂದ ₹2,500ರವರೆಗಿನ ಶೂ ಮತ್ತು ಬಟ್ಟೆಗೆ ಜಿಎಸ್‌ಟಿ 5%. ಅದನ್ನು ದಾಟಿದರೆ 18%. ಈಗ ₹2,499ರ ಶೂ ಒಂದು, ₹2,999ರ ಶೂ ಒಂದು ನಿಮ್ಮ ಮುಂದೆ ಇವೆ ಅನ್ನಿ. ಮೊದಲನೆಯದರಲ್ಲಿ ತೆರಿಗೆ ₹119. ಎರಡನೆಯದರಲ್ಲಿ ಸುಮಾರು ₹457. ನೀವು ₹500 ಜಾಸ್ತಿ ಕೊಟ್ಟರೆ ಅದರಲ್ಲಿ ₹340ರಷ್ಟು ತೆರಿಗೆಗೇ ಹೋಯಿತು, ಶೂಗೆ ಸೇರಿದ್ದು ₹160 ಮಾತ್ರ. ಆಫೀಸಿಗೆ ದಿನಾ ಹಾಕುವ ಶೂ ಆ ಗೆರೆಯ ಈಚೆಗೇ ಇರಲಿ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕಿದರೆ ಕೊಡಬೇಡಿ.

ಬಟ್ಟೆಗೆ ಬರೋಣ. ಗಿಡ್ಡವಾದ ಕುರ್ತಾದ ಒಳಗಿನ ಚೀಟಿ ಓದಿ ನೋಡಿ, ವಿಸ್ಕೋಸ್ ಅಥವಾ ರೇಯಾನ್ ಅಂತ ಇರುತ್ತದೆ ಅಂತ ನನ್ನ ಊಹೆ. ಅದು ಮೈಮೇಲೆ ನೀರಿನ ಹಾಗೆ ಇಳಿಬೀಳುತ್ತದೆ, ಮಾಲ್‌ನ ದೀಪದಲ್ಲಿ ಚಂದ ಹೊಳೆಯುತ್ತದೆ. ಆದರೆ ನೀರಿಗೆ ಬಿದ್ದರೆ ಸೊರಗುತ್ತದೆ, ಕುಗ್ಗುತ್ತದೆ. ಹತ್ತಿಯೂ ಕುಗ್ಗುತ್ತದೆ, ಮೊದಲ ಒಗೆತಕ್ಕೆ 3ರಿಂದ 5% ಸಾಮಾನ್ಯ. ಕೇಳಲು ಸಣ್ಣದು. 40 ಇಂಚಿನ ಕುರ್ತಾದಲ್ಲಿ 5% ಅಂದರೆ ಎರಡು ಇಂಚು! ಮೊಣಕಾಲು ಮುಚ್ಚುತ್ತಿದ್ದದ್ದು ಮುಚ್ಚುವುದಿಲ್ಲ. ಅದಕ್ಕೇ ಉದ್ದದಲ್ಲೂ ತೋಳಿನಲ್ಲೂ ಎರಡು ಇಂಚು ಬಿಟ್ಟುಕೊಂಡೇ ತಗೊಳ್ಳಿ. ಮೊದಲ ಸಲ ತಣ್ಣೀರಲ್ಲಿ ಕೈಯಿಂದ ಒಗೆಯಿರಿ.

ಟ್ರಯಲ್ ರೂಮಿನಲ್ಲಿ ನಮ್ಮ ಜನ ಮಾಡುವುದು ಒಂದೇ, ಕನ್ನಡಿ ಮುಂದೆ ನೆಟ್ಟಗೆ ನಿಂತು ಫೋಟೋ ತೆಗೆಯುವುದು. ನೀವು ಆಫೀಸಿನಲ್ಲಿ ನೆಟ್ಟಗೆ ನಿಂತಿರುತ್ತೀರಾ? ಕೂತು ನೋಡಿ, ಹೊಟ್ಟೆ ಹತ್ತಿರ ಎಳೆಯುತ್ತದಾ ಅಂತ. ಬಸ್ಸಿನ ಕಂಬಿ ಹಿಡಿಯುವ ಹಾಗೆ ಕೈ ಎತ್ತಿ, ಕಂಕುಳು ಬಿಗಿಯುತ್ತದಾ ನೋಡಿ. ಆಮೇಲೆ ಬಟ್ಟೆ ಒಳಮಗ್ಗಲು ತಿರುಗಿಸಿ. ಪಕ್ಕದ ಹೊಲಿಗೆಯಲ್ಲಿ ಅರ್ಧ ಇಂಚಾದರೂ ಬಟ್ಟೆ ಬಿಟ್ಟಿದ್ದಾರಾ? ಬಿಟ್ಟಿದ್ದರೆ ನಾಳೆ ಬಿಗಿಯಾದಾಗ ಟೇಲರ್ ಬಿಚ್ಚಿ ಕೊಡುತ್ತಾನೆ. ಅಂಚಿಗೇ ಓವರ್‌ಲಾಕ್ ಹೊಡೆದು ಮುಗಿಸಿದ್ದರೆ ಅವನೂ ಏನು ಮಾಡಿಯಾನು? ಗೀಟು, ಚೌಕಳಿ ಬಟ್ಟೆಯಾದರೆ ಪಕ್ಕದಲ್ಲಿ ಗೀಟು ಗೀಟಿಗೆ ಕೂಡಿದೆಯಾ ನೋಡಿ. ಕೂಡಿಸಿ ಹೊಲಿಯಲು ಬಟ್ಟೆ ಜಾಸ್ತಿ ಬೇಕು, ಹಾಗಾಗಿ ಉಳಿತಾಯ ಮಾಡುವವನು ಮೊದಲು ಇಲ್ಲೇ ಸಿಕ್ಕಿಬೀಳುತ್ತಾನೆ. ಗಾಢ ಬಣ್ಣವಾದರೆ ಒದ್ದೆ ಕರ್ಚೀಫಿನಿಂದ ಒಳಗಿನ ಹೊಲಿಗೆ ಉಜ್ಜಿ. ಬಣ್ಣ ಹತ್ತಿದರೆ ಬೇಡ. ಹಾಗೇ ಬಣ್ಣವನ್ನು ಬಾಗಿಲ ಹತ್ತಿರ ಬಿಸಿಲ ಬೆಳಕಿನಲ್ಲಿ ಒಮ್ಮೆ ನೋಡಿ. ಒಳಗಿನ ಹಳದಿ ದೀಪಕ್ಕೆ ಮೆರೂನ್ ಕಂಡದ್ದು ಹೊರಗೆ ಕಂದು ಆಗಿರುತ್ತದೆ. ಸೀರೆಗೆ ಮ್ಯಾಚಿಂಗ್ ಹುಡುಕುವವರು ಇದನ್ನು ಮರೆಯಲೇಬಾರದು.

ಮದುವೆಯ ಚಪ್ಪಲಿಗೆ ಮಾತ್ರ ಮಾಲ್ ಬೇಡ ಅಂತೀನಿ. ಮಂಟಪದಲ್ಲಿ ಹತ್ತು ಸಲ ಬಿಚ್ಚಿ ಹಾಕಬೇಕು, ಮೇಲೆ ರೇಷ್ಮೆ ಸೀರೆ. ಅದಕ್ಕೆ ಕೊಲ್ಹಾಪುರಿಗಿಂತ ಒಪ್ಪುವುದು ಯಾವುದು? ಹೆಸರು ಕೊಲ್ಹಾಪುರದ್ದು, ಆದರೆ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ ತಲೆಮಾರುಗಳಿಂದ ಮಾಡುತ್ತಾ ಬಂದದ್ದು. 2019ರಲ್ಲಿ ಇದಕ್ಕೆ ಜಿಐ ಗುರುತು, ಅಂದರೆ ಇಂಥ ಊರಿನದೇ ಮಾಲು ಅನ್ನುವ ಸರ್ಕಾರಿ ಮಾನ್ಯತೆ, ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಪಟ್ಟಿಯಲ್ಲಿದ್ದವು. 2025ರ ಜೂನ್‌ನಲ್ಲಿ ಇಟಲಿಯ ಫ್ಯಾಶನ್ ಕಂಪನಿ ಪ್ರಾಡಾ ಮಿಲಾನ್‌ನ ಶೋನಲ್ಲಿ ಇದೇ ತರಹದ ಚಪ್ಪಲಿ ತೋರಿಸಿ, ಎಲ್ಲಿಯದು ಅಂತ ಹೇಳದೆ ಬೈಸಿಕೊಂಡು, ಆಮೇಲೆ ಒಪ್ಪಿಕೊಂಡದ್ದು ಪೇಪರ್‌ನಲ್ಲಿ ನೀವೂ ಓದಿರುತ್ತೀರಿ. ನಮ್ಮ ಕಾಲಡಿಯಲ್ಲಿ ಇದ್ದದ್ದು ಫ್ಯಾಶನ್ ಅಂತ ಗೊತ್ತಾಗಲು ಮಿಲಾನ್‌ಗೆ ಹೋಗಿ ಬರಬೇಕಾಯಿತು!

ಅಸಲಿ ಯಾವುದು ಅಂತ ನೋಡುವುದು ಕಷ್ಟವಲ್ಲ. ಮೂಗಿಗೆ ಹಿಡಿಯಿರಿ. ಗಿಡದ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮಕ್ಕೆ ಒಂದು ಒಗರು ವಾಸನೆ ಇದೆ, ಪ್ಲಾಸ್ಟಿಕ್ ಘಾಟು ಬಂದರೆ ಇಟ್ಟುಬಿಡಿ. ಅಂಚು ನೋಡಿ. ಹಳೆಯ ಪದ್ಧತಿಯದರಲ್ಲಿ ಮೊಳೆ ಇರುವುದಿಲ್ಲ, ಚರ್ಮದ ದಾರದಿಂದಲೇ ಹೊಲಿದಿರುತ್ತಾರೆ. ಇದು ಮೊದಲ ವಾರ ಕಚ್ಚುತ್ತದೆ, ಅದು ನಿಜ. ಇಲ್ಲಿ ಮಾತ್ರ 'ಹಾಕ್ಕೋಂತ ಹಾಕ್ಕೋಂತ ಸಡಿಲ ಆಗ್ತಾವ್ರೀ' ಅನ್ನುವ ಮಾತನ್ನು ನಂಬಬಹುದು. ಒಳಗೆ ಕೊಬ್ಬರಿ ಎಣ್ಣೆ ಸವರಿ ಮನೆಯಲ್ಲೇ ದಿನಕ್ಕೆ ಅರ್ಧ ಗಂಟೆ ಹಾಕಿ, ಮದುವೆಗೆ ಹದಿನೈದು ದಿನ ಮುಂಚೆ ಶುರು ಮಾಡಿ. ಮಳೆಯಲ್ಲಿ ಮಾತ್ರ ಬೇಡವೇ ಬೇಡ. ಒಮ್ಮೆ ನೆನೆದರೆ ಹಪ್ಪಳದ ಹಾಗೆ ಡೊಂಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿ ಇಡಿ.

ಬ್ಲೌಸಿಗೆ ಗುಳೇದಗುಡ್ಡ ಖಣ, ಅಂದರೆ ಅಲ್ಲಿ ನೇಯುವ ಹೂವಿನ ಕುಪ್ಪಸದ ಬಟ್ಟೆ. ಈಗ ಮಾಲ್‌ನಲ್ಲೂ ಖಣದ ಕುರ್ತಾ ಅಂತ ಮಾರುತ್ತಾರೆ, ಬಹಳಷ್ಟು ಬರೀ ಪ್ರಿಂಟ್. ಉಲ್ಟಾ ತಿರುಗಿಸಿ ನೋಡಿ. ನೇಯ್ದ ಖಣದಲ್ಲಿ ಹೂವಿನ ಎಳೆ ಹಿಂದೆಯೂ ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಪ್ರಿಂಟ್ ಆದರೆ ಹಿಂದೆ ಬೋಳು. ಬೆಳಗಾವಿಯ ಶಹಾಪುರದ ಕಡೆ ಸೀರೆ ಅಂಗಡಿಗಳಲ್ಲಿ ಕೇಳಿ, ಅಮ್ಮನ ಸೀರೆಯನ್ನು ಜೊತೆಗೇ ಒಯ್ಯಿರಿ.

ಹಾಗಾದರೆ ₹8,000 ಹೇಗೆ ಹಂಚುವುದು? ನಾನಾದರೆ ಆಫೀಸಿನ ಶೂಗೆ ₹2,500ರವರೆಗೆ, ಮಾಲ್‌ನಲ್ಲಿ. ದಿನಕ್ಕೆ ಎಂಟು ಹತ್ತು ಗಂಟೆ ಕಾಲಲ್ಲಿರುವ ವಸ್ತು ಅದು, ಅಲ್ಲಿ ಜಿಪುಣತನ ಬೇಡ. ಡ್ರೆಸ್‌ಗಳಿಗೆ ₹2,500, ಅದೂ ಮಾಲ್‌ನಲ್ಲೇ, ಆದರೆ ಮೂರು ಕೊಳ್ಳುವ ಬದಲು ಎರಡು ಒಳ್ಳೆಯವು. ಉಳಿದದ್ದರಲ್ಲಿ ಚಪ್ಪಲಿ, ಖಣ, ಹೊಲಿಗೆ ಕೂಲಿ, ಎಲ್ಲ ಪೇಟೆಯಲ್ಲಿ. ಚೌಕಾಸಿ ಮಾಡಿ, ಆದರೆ ಕೈಯಿಂದ ಮಾಡಿದ ಚಪ್ಪಲಿಗೆ ತೀರಾ ಹಿಂಡಬೇಡಿ. ಅಷ್ಟರಲ್ಲೂ ಏನಾದರೂ ಉಳಿದರೆ ಒಳ್ಳೆಯ ಸಾಕ್ಸ್ ಎರಡು ಜೊತೆ.

ಇನ್ನು ಆ 'ವಾಪಸ್ ಇಲ್ಲ' ವಿಷಯ. ಇದರಲ್ಲಿ ಎರಡು ಬೇರೆ ಬೇರೆ. ಹಾಕಿ ಓಡಾಡಿದ ಶೂ ಕಚ್ಚುತ್ತದೆ ಅಂದರೆ ಅದು ಅಳತೆಯ ಮಾತು. ಅಂಗಡಿಯವರು ಬದಲಾಯಿಸಿದರೆ ಅವರ ದೊಡ್ಡತನ, ಅಷ್ಟೇ. ಆದರೆ ಸೋಲ್ ಕಿತ್ತುಬಂದರೆ, ಚೀಟಿಯಲ್ಲಿ ಹೇಳಿದ ಹಾಗೇ ಒಗೆದರೂ ಕುರ್ತಾ ಹಾಳಾದರೆ, ಅದು ವಸ್ತುವಿನ ದೋಷ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ದೋಷ ಇರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ನಿರಾಕರಿಸುವುದು ಅನುಚಿತ ವ್ಯಾಪಾರ. ಬಿಲ್ ಕೊಡದೇ ಇರುವುದೂ ಅಷ್ಟೇ. ಮೊದಲು ಮ್ಯಾನೇಜರ್ ಹತ್ತಿರ ಸಮಾಧಾನದಿಂದ ಮಾತಾಡಿ. ಕೇಳದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. 1915 ಅಂದಾಕ್ಷಣ ದನಿ ಮೆತ್ತಗಾದ ಮ್ಯಾನೇಜರ್‌ಗಳನ್ನು ನಾನು ಕಂಡಿದ್ದೇನೆ. ನಾನೂ ಒಮ್ಮೆ ಮೆತ್ತಗಾಗಿದ್ದೇನೆ.

ಬಿಲ್ ಬಂದ ಕೂಡಲೇ ಫೋಟೋ ತೆಗೆದಿಡಿ. ಮಾಲ್‌ನ ನುಣುಪು ಕಾಗದದ ಬಿಲ್ ಶಾಖದಿಂದ ಮುದ್ರಿಸಿದ್ದು, ಪರ್ಸಿನಲ್ಲಿ ಇಟ್ಟರೆ ಕೆಲವೇ ತಿಂಗಳಲ್ಲಿ ಅಕ್ಷರ ಅಳಿಸಿ ಬಿಳಿ ಚೀಟಿ ಉಳಿಯುತ್ತದೆ. ಬಿಲ್ಲಿಂಗ್ ಕೌಂಟರ್‌ನಲ್ಲಿ ಫೋನ್ ನಂಬರ್ ಕೊಡಲೇಬೇಕು ಅಂತಿಲ್ಲ, 'ಬೇಡ' ಅಂದರೂ ಬಿಲ್ ಕೊಡಬೇಕು. ಕೈಚೀಲ ಮನೆಯಿಂದ ಒಯ್ಯಿರಿ.

ಕೊನೆಗೆ, ಈಗ ಮನೆಯಲ್ಲಿ ಕೂತಿರುವ ಆ ಶೂ ಮತ್ತು ಕುರ್ತಾ. ಶೂ ಅಸಲಿ ಚರ್ಮದ್ದಾದರೆ ಚಪ್ಪಲಿ ಹೊಲಿಯುವವರ ಹತ್ತಿರ ಒಯ್ದು ಕಿರುಬೆರಳ ಜಾಗ ಬೆರಳಿಟ್ಟು ತೋರಿಸಿ. ಒಳಗೆ ಮರದ ಅಚ್ಚು ಹಾಕಿ ಒಂದೆರಡು ದಿನ ಬಿಟ್ಟರೆ ಅಷ್ಟು ಮಟ್ಟಿಗೆ ಹಿಗ್ಗುತ್ತದೆ. ಸಿಂಥೆಟಿಕ್ ಆದರೆ ಆಸೆ ಬಿಡಿ, ಕಿರಿದಾದ ಕಾಲಿನ ಗೆಳತಿ ಯಾರಾದರೂ ಇದ್ದರೆ ಕೊಟ್ಟುಬಿಡಿ. ಕುರ್ತಾವನ್ನು ಮಾತ್ರ ಬಿಸಾಡಬೇಡಿ. ಬ್ಲೌಸಿಗೆ ಖಣ ತರುವಾಗ ಒಂದು ಗೇಣು ಜಾಸ್ತಿ ತನ್ನಿ, ಮೊದಲೇ ಒಮ್ಮೆ ನೀರಿಗೆ ಅದ್ದಿ ಒಣಗಿಸಿ, ಕುರ್ತಾದ ಕೆಳಗೆ ಮತ್ತು ತೋಳಿಗೆ ಅಂಚು ಇಡಲು ಟೇಲರ್‌ಗೆ ಹೇಳಿ.